ಸೀಟು ಬೇರೆ, ಸ್ಟೈಪೆಂಡ್ ಬೇರೆ

ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ, ಭಾಷಾವಿಜ್ಞಾನದಂಥ ಮಾನವಿಕ ವಿಷಯಗಳಲ್ಲಿ, ಕೈಯಿಂದ ಫೀಸು ಕಟ್ಟದೆ ಹೊರದೇಶದಲ್ಲಿ ಪಿಎಚ್.ಡಿ. ಮಾಡುವುದು ಹೇಗೆ ಎಂದು ಕೇಳಿ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಎಂ.ಎ. ಇತಿಹಾಸ ಮುಗಿಸಿದ್ದೇನೆ. ಹೊರದೇಶದ ಪಿಎಚ್.ಡಿ.ಗೆ ದೊಡ್ಡ ಸಾಲ ಮಾಡಬೇಕು ಎಂದು ಕೆಲವರು ಹೇಳುತ್ತಾರೆ. ಅವರೇ ಸಂಬಳ ಕೊಟ್ಟು ಓದಿಸುತ್ತಾರೆ ಎಂದು ಇನ್ನು ಕೆಲವರು. ಯಾವುದನ್ನು ನಂಬಲಿ?

ಎರಡೂ ನಿಜ. ನೀವು ಯಾವ ದೇಶದ, ಯಾವ ಪದ್ಧತಿಯ ಬಾಗಿಲು ತಟ್ಟುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ಪ್ರವೇಶಕ್ಕೆ ಒಂದು ಬಾಗಿಲು, ಹಣಕ್ಕೆ ಇನ್ನೊಂದು. ಕೆಲವು ಕಡೆ ಎರಡೂ ಒಂದೇ ಚೌಕಟ್ಟಿನಲ್ಲಿರುತ್ತವೆ, ಕೆಲವು ಕಡೆ ಬೇರೆ ಬೇರೆ ಬೀದಿಯಲ್ಲಿ. ಇದು ಗೊತ್ತಾಗದೆ ಅರ್ಜಿ ಹಾಕಿದವರೇ ಮುಂದೆ ಪೇಚಿಗೆ ಸಿಕ್ಕುವುದು.

ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಬಾಗಿಲು ಒಂದೇ. ಸೀಟು ಕೊಟ್ಟರೆ ಅದರ ಜೊತೆಯಲ್ಲೇ ಫೀಸು ಮಾಫಿ, ಸ್ಟೈಪೆಂಡ್, ಆರೋಗ್ಯ ವಿಮೆ ಸಾಮಾನ್ಯವಾಗಿ ಐದು ವರ್ಷಕ್ಕೆ ಬರುತ್ತವೆ. ಬದಲಿಗೆ ಕೆಲವು ವರ್ಷ ಬೋಧನಾ ಸಹಾಯಕರಾಗಿ ದುಡಿಯಬೇಕು. ಮೊದಲ ಎರಡು ಮೂರು ವರ್ಷ ಕೋರ್ಸು, ಆಮೇಲೆ ಅರ್ಹತಾ ಪರೀಕ್ಷೆ, ಅದಾದ ಮೇಲೆ ಮಹಾಪ್ರಬಂಧ. ಒಟ್ಟಾರೆ ಆರೇಳು ವರ್ಷ ಹಿಡಿಯುವುದು ಸಾಮಾನ್ಯ.

ಬ್ರಿಟನ್ನಿನಲ್ಲಿ ಬಾಗಿಲು ಎರಡು. ವಿಭಾಗ ನಿಮ್ಮ ವಿಷಯ ಮೆಚ್ಚಿ ಸೀಟು ಕೊಡುತ್ತದೆ, ಹಣ ಕೊಡುವುದು ಇನ್ನೊಂದು ಸಮಿತಿ. ಆಕ್ಸ್‌ಫರ್ಡಿನ ಕ್ಲಾರೆಂಡನ್ ವಿದ್ಯಾರ್ಥಿವೇತನಕ್ಕೆ ಪ್ರತ್ಯೇಕ ಅರ್ಜಿ ಬೇಕಿಲ್ಲ, ಡಿಸೆಂಬರ್ ಅಥವಾ ಜನವರಿಯ ಗಡುವಿನೊಳಗೆ ಪ್ರವೇಶದ ಅರ್ಜಿ ಹಾಕಿದವರನ್ನೆಲ್ಲ ಅದಕ್ಕೂ ಪರಿಗಣಿಸುತ್ತಾರೆ. ಕೇಂಬ್ರಿಜ್‌ನ ಗೇಟ್ಸ್ ವಿದ್ಯಾರ್ಥಿವೇತನಕ್ಕೆ ಅದೇ ಅರ್ಜಿಯೊಳಗೆ ಬೇರೆ ಭಾಗ ತುಂಬಬೇಕು, ಇನ್ನೊಂದು ಶಿಫಾರಸು ಪತ್ರವನ್ನೂ ಕೊಡಿಸಬೇಕು. ಅದು ಸಿಗುವುದು ವರ್ಷಕ್ಕೆ ಎಲ್ಲ ವಿಷಯಗಳಿಗೂ ಸೇರಿ ಸುಮಾರು 80 ಜನರಿಗೆ. ಸರ್ಕಾರಿ ಸಂಶೋಧನಾ ಮಂಡಳಿಗಳ ಹಣ 2021ರಿಂದ ಹೊರದೇಶದವರಿಗೂ ತೆರೆದಿದೆ, ಆದರೆ ಅವರ ಪಾಲು ಹೆಚ್ಚೆಂದರೆ ಶೇ. 30. 2025–26ರಲ್ಲಿ ಅದರ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್. ಇಲ್ಲಿ ಒಂದು ಕೊಕ್ಕೆ ಇದೆ. ಮಂಡಳಿ ಕಟ್ಟುವುದು ಸ್ಥಳೀಯ ವಿದ್ಯಾರ್ಥಿಯ ಫೀಸನ್ನು ಮಾತ್ರ. ಹೊರದೇಶದವರ ಫೀಸಿಗೂ ಅದಕ್ಕೂ ಇರುವ ಅಂತರವನ್ನು ವಿಶ್ವವಿದ್ಯಾಲಯ ಮನ್ನಾ ಮಾಡುತ್ತದೆಯೇ ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಸ್ವೀಡನ್, ನಾರ್ವೆ, ಡೆನ್ಮಾರ್ಕ್, ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್.ಡಿ. ಎಂದರೆ ಬಹುಮಟ್ಟಿಗೆ ನೌಕರಿ. ಜಾಹೀರಾತು ಬರುತ್ತದೆ, ಅರ್ಜಿ ಹಾಕುತ್ತೀರಿ, ಆಯ್ಕೆಯಾದರೆ ಸಂಬಳ, ರಜೆ, ತೆರಿಗೆ ಎಲ್ಲವೂ ಉಂಟು. ನಾರ್ವೆಯಲ್ಲಿ ಮೂರು ವರ್ಷ, ಇಲ್ಲವೇ ಕಾಲುಭಾಗ ಬೋಧನೆಯಂಥ ಕೆಲಸ ಸೇರಿ ನಾಲ್ಕು ವರ್ಷ. ಸ್ವೀಡನ್ನಿನಲ್ಲಿ ನಾಲ್ಕು ವರ್ಷದ ಸಂಶೋಧನೆ, ವಿಭಾಗದ ಕೆಲಸ ಸೇರಿಕೊಂಡರೆ ಐದರವರೆಗೆ. ಜರ್ಮನಿಯಲ್ಲಿ ಇಂಥ ಹುದ್ದೆಗಳೂ ಇವೆ, ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯಂಥ ಸಂಸ್ಥೆಗಳ ವಿದ್ಯಾರ್ಥಿವೇತನವೂ ಇದೆ. ಅಲ್ಲಿ ಮಾನವಿಕ ವಿಭಾಗಗಳ ಹುದ್ದೆ ಹೆಚ್ಚಾಗಿ ಶೇ. 50 ಅಥವಾ 65ರ ಅರೆಕಾಲಿಕ ಒಪ್ಪಂದ. ಸಂಬಳ ಅರೆಕಾಲಿಕ, ಮಹಾಪ್ರಬಂಧದ ದುಡಿಮೆ ಮಾತ್ರ ಪೂರ್ಣಕಾಲಿಕ!

ಹಾಂಗ್‌ಕಾಂಗ್ ಪಿಎಚ್.ಡಿ. ಫೆಲೋಶಿಪ್ಪಿನ ಕ್ರಮ ಇನ್ನೊಂದು ಥರ. ಮೊದಲು ಅಲ್ಲಿನ ಸಂಶೋಧನಾ ಅನುದಾನ ಮಂಡಳಿಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಒಂದು ಸಂಖ್ಯೆ ಪಡೆಯಬೇಕು. ಆ ಸಂಖ್ಯೆ ಹಿಡಿದು ವಿಶ್ವವಿದ್ಯಾಲಯಕ್ಕೆ ಬೇರೆ ಅರ್ಜಿ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ಮಾಡಿದ್ದೆಲ್ಲ ನೀರಿನಲ್ಲಿಟ್ಟ ಹೋಮ.

ಪ್ರಶ್ನೆ: ಇಪ್ಪತ್ತು ಮಂದಿ ಪ್ರಾಧ್ಯಾಪಕರಿಗೆ ಇಮೇಲ್ ಕಳಿಸಿದೆ. ಒಬ್ಬರಿಂದಲೂ ಉತ್ತರವಿಲ್ಲ. ಏನು ತಪ್ಪಾಗಿರಬಹುದು?

ಇಪ್ಪತ್ತು ಮಂದಿಗೂ ಒಂದೇ ಇಮೇಲ್ ಹೋಗಿದ್ದರೆ ತಪ್ಪು ಅಲ್ಲೇ ಇದೆ. "ತಮ್ಮ ಅಮೂಲ್ಯ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುವ ಭಾಗ್ಯ ನನ್ನದಾಗಲಿ" ಎಂಬ ಧಾಟಿಯ ಪತ್ರ ಯಾರ ಹೆಸರಿಗೂ ಹೊಂದುತ್ತದೆ, ಆದ್ದರಿಂದಲೇ ಯಾರಿಗೂ ತಲುಪುವುದಿಲ್ಲ.

ಹತ್ತು ಹನ್ನೆರಡು ಸಾಲು ಸಾಕು. ವಿಷಯದ ಸಾಲಿನಲ್ಲಿ ಯಾವ ವರ್ಷದ ಪ್ರವೇಶ, ಯಾವ ವಿಷಯ ಎಂದು ಬರಲಿ. ಮೊದಲ ವಾಕ್ಯದಲ್ಲಿ ಪ್ರಶ್ನೆ ಬರಲಿ, ಉದಾಹರಣೆಗೆ: "ಕೋರಮಂಡಲ ತೀರದ ಡಚ್ ವ್ಯಾಪಾರ ಕೋಠಿಗಳಲ್ಲಿ 1640ರಿಂದ 1690ರವರೆಗೆ ಕೆಲಸ ಮಾಡಿದ ದುಭಾಷಿಗಳು ಕಂಪನಿಯ ಮಾತನ್ನು ವ್ಯಾಪಾರಿಗಳಿಗೆ ತಲುಪಿಸುವಾಗ ಯಾರ ಪರ ನಿಂತರು ಎಂಬುದನ್ನು ಅಧ್ಯಯನ ಮಾಡಬೇಕೆಂದಿದ್ದೇನೆ." ಎರಡನೆಯದರಲ್ಲಿ ಆಕರ ಯಾವುದು, ಅದನ್ನು ಓದುವ ಭಾಷೆ ನಿಮಗೆ ಎಷ್ಟು ಬರುತ್ತದೆ. ಮೂರನೆಯದರಲ್ಲಿ ಅವರ ಒಂದು ಲೇಖನದ ಯಾವ ವಾದ ನಿಮ್ಮ ಪ್ರಶ್ನೆಗೆ ತಾಗುತ್ತದೆ. ಹೊಗಳಿಕೆ ಬೇಡ, ವಾದ ಸಾಕು. ಕೊನೆಗೆ ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಒಂದು ಪ್ರಶ್ನೆ: ಈ ಸಾಲಿನಲ್ಲಿ ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದ್ದೀರಾ? ಎರಡು ಪುಟದ ಸಿ.ವಿ. ಲಗತ್ತಿಸಿ. ಅಂಕಪಟ್ಟಿ, ಪ್ರಮಾಣಪತ್ರ ಯಾವುದನ್ನೂ ಈಗ ಕಳಿಸಬೇಡಿ.

ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾಗಳಲ್ಲಿ ಮಾರ್ಗದರ್ಶಕರ ಒಪ್ಪಿಗೆ ಬಹುತೇಕ ಅನಿವಾರ್ಯ. ಅಮೆರಿಕದಲ್ಲಿ ನಿರ್ಧಾರ ಸಮಿತಿಯದು, ಅಲ್ಲಿ ಉತ್ತರ ಬರದಿದ್ದರೆ ಅದನ್ನು ನಿರಾಕರಣೆ ಎಂದು ಓದಬೇಕಿಲ್ಲ. ಆದರೆ ಆ ಪ್ರಾಧ್ಯಾಪಕರು ನಿವೃತ್ತಿಯ ಅಂಚಿನಲ್ಲಿದ್ದಾರೆಯೇ, ಬೇರೆಡೆಗೆ ಹೋಗಿದ್ದಾರೆಯೇ ಎಂದು ವಿಭಾಗದ ಜಾಲತಾಣದಲ್ಲಿ ನೋಡಿಕೊಳ್ಳಿ. ಒಬ್ಬರನ್ನೇ ನೆಚ್ಚಿ ಹೋದ ಮೇಲೆ ಅವರೇ ಹೊರಟುಬಿಟ್ಟರೆ ವಿದ್ಯಾರ್ಥಿ ಅತಂತ್ರ. ನಿಮ್ಮ ವಿಷಯ ಓದಬಲ್ಲವರು ವಿಭಾಗದಲ್ಲಿ ಕನಿಷ್ಠ ಇಬ್ಬರಿರಬೇಕು.

ಪ್ರಶ್ನೆ: 'ಸ್ಟೇಟ್‌ಮೆಂಟ್ ಆಫ್ ಪರ್ಪಸ್' ಮತ್ತು 'ರಿಸರ್ಚ್ ಪ್ರಪೋಸಲ್' ಎರಡೂ ಒಂದೇ ತಾನೆ? ಒಂದನ್ನೇ ಎರಡು ಕಡೆಗೂ ಬಳಸಬಹುದೇ?

ಖಂಡಿತ ಬೇಡ. ಈ ಅಂಕಣಕ್ಕೆ ಬಂದ ಪ್ರಶ್ನೆಗಳಲ್ಲೆಲ್ಲ ಹೆಚ್ಚು ಬೆಲೆಬಾಳುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಅಮೆರಿಕ ಕೇಳುವ ಉದ್ದೇಶಪತ್ರ ಸುಮಾರು ಎರಡು ಪುಟ, ಸಾವಿರ ಪದ. ಓದುವ ಸಮಿತಿಗೆ ಬೇಕಿರುವುದು ನೀವು ಹೇಗೆ ಯೋಚಿಸುತ್ತೀರಿ ಎಂಬುದು. ಎಂ.ಎ. ಪ್ರಬಂಧದಲ್ಲಿ ಏನು ಕಂಡಿರಿ, ಅಲ್ಲಿ ಬಗೆಹರಿಯದೆ ಉಳಿದದ್ದು ಯಾವುದು, ಆ ಉಳಿದದ್ದು ಹೇಗೆ ಮುಂದಿನ ಪ್ರಶ್ನೆಯಾಯಿತು, ಅದನ್ನು ಈ ವಿಭಾಗದಲ್ಲೇ ಏಕೆ ಮಾಡಬೇಕು. ಎರಡು ವರ್ಷ ಕೋರ್ಸು ಓದುವಾಗ ವಿಷಯ ಬದಲಾಗುತ್ತದೆ ಎಂದು ಅವರಿಗೂ ಗೊತ್ತು. 'ಚಿಕ್ಕಂದಿನಿಂದಲೂ ಪುಸ್ತಕಗಳೆಂದರೆ ಪ್ರಾಣ' ಎಂದು ಶುರುವಾಗುವ ಪತ್ರಗಳ ರಾಶಿಯೇ ಅವರ ಮುಂದಿರುತ್ತದೆ. ಆ ಸಾಲು ಹೊಡೆದು ಹಾಕಿ, ಮೂರನೆಯ ಪ್ಯಾರಾದಿಂದ ಶುರುಮಾಡಿ. ನಿಜವಾದ ಪತ್ರ ಹೆಚ್ಚಾಗಿ ಅಲ್ಲೇ ಆರಂಭವಾಗಿರುತ್ತದೆ.

ಬ್ರಿಟನ್ ಮತ್ತು ಯುರೋಪ್ ಕೇಳುವ ಸಂಶೋಧನಾ ಪ್ರಸ್ತಾವ ಬೇರೆ ಜಾತಿಯದು. ಮೂರು ನಾಲ್ಕು ವರ್ಷದೊಳಗೆ ಮುಗಿಯುವ ಕೆಲಸವೊಂದರ ನಕ್ಷೆ ಅದು, ಸಾಮಾನ್ಯವಾಗಿ 1,000ದಿಂದ 2,000 ಪದ. ದುಭಾಷಿಗಳ ಉದಾಹರಣೆಯನ್ನೇ ಮುಂದುವರಿಸೋಣ.

ಮೊದಲ ಕರಡಿನ ಶೀರ್ಷಿಕೆ ಹೆಚ್ಚಾಗಿ ಹೀಗಿರುತ್ತದೆ: 'ವಸಾಹತುಶಾಹಿ ಮತ್ತು ಭಾಷಾಂತರ: ಒಂದು ಅಧ್ಯಯನ'. ಇದು ನಾಲ್ಕು ಜನ್ಮಕ್ಕಾಗುವಷ್ಟು ವಿಷಯ. ಇದಕ್ಕೆ ಮೊದಲು ಬೇಲಿ ಹಾಕಿ. ಯಾವ ಕಂಪನಿ? ಡಚ್ ಈಸ್ಟ್ ಇಂಡಿಯಾ ಕಂಪನಿ, ಅದು ಇದ್ದದ್ದು 1602ರಿಂದ 1799ರವರೆಗೆ. ಎಲ್ಲಿ? ಪುಲಿಕಾಟ್ ಮತ್ತು ಮಚಲೀಪಟ್ಟಣ, ಎರಡೇ ಕೋಠಿ. ಯಾವಾಗ? ಐವತ್ತು ವರ್ಷ. ಆ ಐವತ್ತೇ ಏಕೆ ಎಂಬುದಕ್ಕೆ ಒಂದು ವಾಕ್ಯದ ಸಮರ್ಥನೆ ಇರಬೇಕು, ಅರ್ಜಿಯ ಗಡುವು ಹತ್ತಿರವಾಯಿತೆಂದು ಆಯ್ದ ಕಾಲ ಓದಿದವರಿಗೆ ಒಡನೆಯೇ ಗೊತ್ತಾಗುತ್ತದೆ.

ಎರಡನೆಯದು ಆಕರ. "ಪ್ರಾಥಮಿಕ ಮತ್ತು ದ್ವಿತೀಯಕ ಆಕರಗಳನ್ನು ಬಳಸಲಾಗುವುದು" ಎಂಬ ವಾಕ್ಯ ಏನನ್ನೂ ಹೇಳುವುದಿಲ್ಲ. ಕಂಪನಿಯ ಕಾಗದಪತ್ರ ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿದೆ, ಡಚ್ ದಾಖಲೆಗಳ ಇನ್ನೊಂದು ಸಂಗ್ರಹ ಚೆನ್ನೈನಲ್ಲಿದೆ ಎಂದು ಬರೆಯಿರಿ. ಅದರಲ್ಲಿ ಯಾವ ಸರಣಿ, ಪತ್ರಗಳೋ ಕೋಠಿಯ ದಿನಚರಿಗಳೋ, ಅವುಗಳಲ್ಲಿ ದುಭಾಷಿಯ ಮಾತು ನೇರವಾಗಿ ಸಿಗುತ್ತದೆಯೋ ಗುಮಾಸ್ತನ ಬರಹದ ಮೂಲಕ ಮಾತ್ರವೋ. ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ನಿಮ್ಮ ವ್ಯಕ್ತಿಗಳು ತಾವೇ ಏನೂ ಬರೆದಿಡದಿದ್ದರೆ ಅವರ ನಿಲುವನ್ನು ಹೇಗೆ ಕಂಡುಹಿಡಿಯುತ್ತೀರಿ? ಅದಕ್ಕೆ ಉತ್ತರ ಕೊಡುವ ಪ್ಯಾರಾವೇ ನಿಮ್ಮ ವಿಧಾನದ ಪ್ಯಾರಾ. 'ವಸಾಹತೋತ್ತರ ಸಿದ್ಧಾಂತದ ಬೆಳಕಿನಲ್ಲಿ' ಎಂಬ ಮಾತು ವಿಧಾನವಲ್ಲ, ಅದು ಬರೀ ಹಣೆಪಟ್ಟಿ.

ಮೂರನೆಯದು, ಆಗಲೇ ಯಾರು ಏನು ಹೇಳಿದ್ದಾರೆ. ಹದಿನೈದು ಹೆಸರಿನ ಪಟ್ಟಿ ಬೇಡ. ಮೂರು ನಾಲ್ಕು ಕೃತಿ ಹಿಡಿದು, ಅವು ಎಲ್ಲಿ ನಿಲ್ಲುತ್ತವೆ, ನೀವು ಎಲ್ಲಿಂದ ಹೊರಡುತ್ತೀರಿ ಎಂದು ತೋರಿಸಿ. "ಈ ಬಗ್ಗೆ ಯಾರೂ ಕೆಲಸ ಮಾಡಿಲ್ಲ" ಎಂದು ಬರೆಯುವ ಮುಂಚೆ ಹತ್ತು ಸಲ ಯೋಚಿಸಿ. ಮಾಡಿರುವವರೇ ಸಮಿತಿಯಲ್ಲಿ ಕುಳಿತಿರಬಹುದು. ಯಾರೂ ಮಾಡಿಲ್ಲದಿದ್ದರೂ ಅದೊಂದೇ ಕಾರಣ ಸಾಲದು, ಮಾಡಬೇಕಾದ ಅಗತ್ಯವೇನು ಎಂಬುದೇ ಪ್ರಶ್ನೆ.

ಕೊನೆಯಲ್ಲಿ ವರ್ಷವಾರು ಯೋಜನೆ. ಮೊದಲ ಆರು ತಿಂಗಳು ಹಳೆಯ ಡಚ್ ಕೈಬರಹ ಓದುವ ತರಬೇತಿ, ಆಮೇಲೆ ಹತ್ತು ತಿಂಗಳು ಪತ್ರಾಗಾರ, ಹೀಗೆ. ಎಲ್ಲರೂ ಎಡವುವುದು ಇಲ್ಲೇ, ಪತ್ರಾಗಾರಕ್ಕೆ ಎರಡು ತಿಂಗಳು, ಬರವಣಿಗೆಗೆ ಎರಡು ವರ್ಷ ಇಟ್ಟುಬಿಡುತ್ತಾರೆ.

ಸ್ಕ್ಯಾಂಡಿನೇವಿಯಾದ ಜಾಹೀರಾತು ಹುದ್ದೆಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಎಷ್ಟೋ ಹುದ್ದೆ ಆಗಲೇ ಹಣ ಪಡೆದ ಯೋಜನೆಯ ಭಾಗ. ಯೋಜನೆ ಹೇಳಿರುವುದು 18ನೇ ಶತಮಾನದ ಮುದ್ರಣ ಎಂದಾದರೆ, ನಿಮ್ಮ ದುಭಾಷಿಗಳು ಎಷ್ಟೇ ಚೆಂದವಿದ್ದರೂ ಅಲ್ಲಿ ಸಲ್ಲುವುದಿಲ್ಲ. ಜಾಹೀರಾತಿನ ಪದಗಳನ್ನು ಗುರುತು ಹಾಕಿಕೊಂಡು, ಒಂದೊಂದಕ್ಕೂ ನಿಮ್ಮ ಪ್ರಸ್ತಾವದಲ್ಲಿ ಉತ್ತರವಿದೆಯೇ ಎಂದು ನೋಡಿ. ಸ್ವೀಡನ್ನಿನಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಬಂದ ಅರ್ಜಿ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ನೋಡಬಹುದು. ನೀವು ಅರ್ಜಿ ಹಾಕಿದ್ದು ಈಗಿನ ಕೆಲಸದ ಕಡೆ ಗೊತ್ತಾಗಬಾರದು ಎಂದಿದ್ದರೆ ಇದು ತಿಳಿದಿರಲಿ.

ಪ್ರಶ್ನೆ: ರೈಟಿಂಗ್ ಸ್ಯಾಂಪಲ್ ಎಂದರೆ ಎಂ.ಎ. ಪ್ರಬಂಧವನ್ನೇ ಪೂರ್ತಿ ಕಳಿಸಬಹುದೇ? ಅದು 90 ಪುಟ ಇದೆ.

ಬೇಡ. ಹೇಳಿದಷ್ಟು ಪುಟ ಮಾತ್ರ, ಸಾಮಾನ್ಯವಾಗಿ 15ರಿಂದ 25. ಹೆಚ್ಚಾದ ಪುಟಗಳನ್ನು ಯಾರೂ ಓದುವುದಿಲ್ಲ. ಕೆಲವು ಕಡೆ ಕಂಪ್ಯೂಟರೇ ತೆಗೆದುಕೊಳ್ಳುವುದಿಲ್ಲ. ಒಂದು ಅಧ್ಯಾಯವನ್ನು ಕತ್ತರಿಸಿ ಅಂಟಿಸಿದರೂ ಸಾಲದು, ಅದು ತಲೆಬಾಲವಿಲ್ಲದ ತುಂಡಾಗುತ್ತದೆ. ಒಂದು ವಾದ, ಅದಕ್ಕೆ ಬೇಕಾದ ಆಕರ, ಎರಡು ಪುಟದ ಪೀಠಿಕೆ, ಇಷ್ಟನ್ನು ಸೇರಿಸಿ ಸ್ವತಂತ್ರ ಲೇಖನವಾಗಿ ಮತ್ತೆ ಬರೆಯಿರಿ. ಇದಕ್ಕೆ ಎರಡು ತಿಂಗಳು ಬೇಕು. ಮಾನವಿಕ ವಿಷಯಗಳಲ್ಲಿ ಇದೇ ನಿರ್ಣಾಯಕ ದಾಖಲೆ. ಅಂಕಪಟ್ಟಿ ನಿಮ್ಮನ್ನು ರಾಶಿಯೊಳಗೆ ಉಳಿಸುತ್ತದೆ ಅಷ್ಟೆ, ರಾಶಿಯಿಂದ ಮೇಲೆತ್ತುವುದು ಈ ಇಪ್ಪತ್ತು ಪುಟ.

ಮೂಲ ಬರಹ ಇಂಗ್ಲಿಷ್ ಅಲ್ಲದ ಭಾಷೆಯಲ್ಲಿದ್ದರೆ ನೀವೇ ಅನುವಾದಿಸಿ, ಅನುವಾದ ಎಂದು ಮೇಲೆ ಬರೆಯಿರಿ. ಇಬ್ಬರು ಸೇರಿ ಬರೆದ ಲೇಖನ ಕಳಿಸಬೇಡಿ.

ಪ್ರಶ್ನೆ: "ಶಿಫಾರಸು ಪತ್ರ ನೀವೇ ಬರೆದು ತನ್ನಿ, ಸಹಿ ಹಾಕುತ್ತೇನೆ" ಎನ್ನುತ್ತಾರೆ ನಮ್ಮ ಮೇಷ್ಟ್ರು. ಏನು ಮಾಡಲಿ?

ಬರೆಯಬೇಡಿ. ನಿಯಮದ ಮಾತು ಹಾಗಿರಲಿ, ಉದ್ದೇಶಪತ್ರವೂ ಶಿಫಾರಸೂ ಒಂದೇ ಕೈಯ ಬರಹ ಎಂದು ಓದಿ ಪಳಗಿದವರಿಗೆ ತಿಳಿದುಹೋಗುತ್ತದೆ. ಮೂರು ಪತ್ರವೂ ಒಂದೇ ಧಾಟಿಯಲ್ಲಿದ್ದರಂತೂ ಕೇಳುವುದೇ ಬೇಡ. ಬದಲಿಗೆ ಮೇಷ್ಟ್ರ ಕೆಲಸ ಹಗುರ ಮಾಡಿ. "ಸರ್, ಪತ್ರ ನೀವೇ ಬರೆಯಿರಿ, ಬೇಕಾದ ವಿವರವೆಲ್ಲ ಒಂದು ಪುಟದಲ್ಲಿ ಕೊಡುತ್ತೇನೆ" ಎಂದು ಹೇಳಿ. ಅವರ ತರಗತಿಯಲ್ಲಿ ನೀವು ಬರೆದ ಪ್ರಬಂಧ, ಅದಕ್ಕೆ ಅವರೇ ಹಾಕಿದ ಷರಾ, ನಿಮ್ಮ ಪ್ರಸ್ತಾವದ ಸಾರ, ವಿಶ್ವವಿದ್ಯಾಲಯಗಳ ಪಟ್ಟಿ, ಗಡುವಿನ ದಿನಾಂಕ, ಇಷ್ಟು ಆ ಪುಟದಲ್ಲಿರಲಿ. ಗಡುವಿಗೆ ಆರು ವಾರ ಮುಂಚೆ ಕೊಡಿ.

ಪತ್ರವನ್ನು ಅವರೇ ಜಾಲತಾಣದಲ್ಲಿ ಸೇರಿಸಬೇಕು. ನೀವು ಅವರ ಇಮೇಲ್ ವಿಳಾಸ ನಮೂದಿಸಿದ ಮೇಲೆ ಅವರಿಗೆ ಒಂದು ಕೊಂಡಿ ಹೋಗುತ್ತದೆ, ಎಷ್ಟೋ ಸಲ ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಸಾಧ್ಯವಾದರೆ ಸಂಸ್ಥೆಯ ವಿಳಾಸವನ್ನೇ ಕೊಡಿ. ಖಾಸಗಿ ಜಿಮೇಲ್ ವಿಳಾಸವನ್ನು ಒಪ್ಪದ, ಒಪ್ಪಿದರೂ ಅನುಮಾನದಿಂದ ನೋಡುವ ಕಡೆಗಳಿವೆ. ಪದವಿ ದೊಡ್ಡದೆಂದು ಕುಲಪತಿಗಳ ಪತ್ರ ಹಿಡಿದು ಹೋಗಬೇಡಿ. ನಿಮ್ಮ ಬರಹ ಓದಿರುವ ಸಹಾಯಕ ಪ್ರಾಧ್ಯಾಪಕರ ಒಂದೂವರೆ ಪುಟ ಅದಕ್ಕಿಂತ ಸಾವಿರ ಪಾಲು ಮೇಲು.

ಪ್ರಶ್ನೆ: ಮುಂದಿನ ವರ್ಷದ ಸೆಪ್ಟೆಂಬರಿಗೆ ಹೋಗಬೇಕೆಂದರೆ ಯಾವಾಗ ಶುರುಮಾಡಬೇಕು?

ಈ ವರ್ಷದ ಏಪ್ರಿಲ್–ಮೇ ತಿಂಗಳಲ್ಲೇ. ಮಳೆಗಾಲ ಮುಗಿಯುವಷ್ಟರಲ್ಲಿ ವಿಭಾಗಗಳ ಪಟ್ಟಿ ಮತ್ತು ಬರಹದ ಮಾದರಿ ಕೈಯಲ್ಲಿರಬೇಕು. ಇಂಗ್ಲಿಷ್ ಬಲ್ಲಿರೆಂದು ತೋರಿಸುವ ಪರೀಕ್ಷೆಗಳಾದ ಟೋಫೆಲ್ ಅಥವಾ ಐಇಎಲ್‌ಟಿಎಸ್ ಆಗಸ್ಟ್–ಸೆಪ್ಟೆಂಬರಿನಲ್ಲಿ ಬರೆಯಿರಿ, ಅಂಕ ಕಡಿಮೆಯಾದರೆ ಮತ್ತೊಮ್ಮೆ ಬರೆಯಲು ಸಮಯವಿರುತ್ತದೆ. ಎರಡರ ಅಂಕಕ್ಕೂ ಎರಡು ವರ್ಷ ಬೆಲೆ. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆಯಿರಿ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ತಂದೆಯ ಪೂರ್ಣ ಹೆಸರು ಎಂದಿದ್ದರೆ ಅಂಕ ನಿಮ್ಮ ಅರ್ಜಿಗೆ ಬಂದು ಕೂಡುವುದೇ ಇಲ್ಲ. ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಜಿಆರ್‌ಇಯನ್ನು ಬಹಳಷ್ಟು ಮಾನವಿಕ ವಿಭಾಗಗಳು ಕೈಬಿಟ್ಟಿವೆ, ಕೇಳದ ಕಡೆಗೆ ಕಳಿಸಬೇಡಿ.

ಅಮೆರಿಕದ ಗಡುವು ಹೆಚ್ಚಾಗಿ ಡಿಸೆಂಬರ್ 1ರಿಂದ ಜನವರಿ 15ರ ನಡುವೆ, ಹಾಂಗ್‌ಕಾಂಗ್ ಫೆಲೋಶಿಪ್ಪಿನದು ಡಿಸೆಂಬರ್ 1. ಯುರೋಪಿನ ಹುದ್ದೆಗಳ ಜಾಹೀರಾತಿಗೆ ಕಾಲ ಎಂಬುದಿಲ್ಲ, ಯುರಾಕ್ಸೆಸ್ ಜಾಲತಾಣವನ್ನು ವಾರಕ್ಕೊಮ್ಮೆ ನೋಡುತ್ತಿರಿ. ಅಲ್ಲಿ ಕಾಣುವ, ಯುರೋಪಿಯನ್ ಒಕ್ಕೂಟ ಹಣ ಕೊಡುವ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್ ಹುದ್ದೆಗಳಿಗೆ ಒಂದು ವಿಚಿತ್ರ ಷರತ್ತಿದೆ. ನೇಮಕದ ಹಿಂದಿನ 36 ತಿಂಗಳಲ್ಲಿ ಹುದ್ದೆ ಇರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಎಂ.ಎ. ಮಾಡಲು ಜರ್ಮನಿಗೆ ಹೋಗಿ ಎರಡು ವರ್ಷ ಇದ್ದವರು ಅಲ್ಲಿನ ಅಂಥ ಹುದ್ದೆಗೆ ಆಗ ಅನರ್ಹರು, ಪಕ್ಕದ ಫ್ರಾನ್ಸಿನದಕ್ಕೆ ಅರ್ಹರು.

ಅರ್ಜಿ ಶುಲ್ಕವೂ ಲೆಕ್ಕಕ್ಕೆ ಬರಲಿ. ಅಮೆರಿಕದಲ್ಲಿ ಒಂದಕ್ಕೆ ನೂರು ಡಾಲರ್ ಎಂದು ಹಿಡಿದರೆ ಎಂಟು ಅರ್ಜಿಗೆ ಎಂಟುನೂರು. ಶುಲ್ಕ ಮನ್ನಾ ಕೇಳುವುದರಲ್ಲಿ ಸಂಕೋಚ ಬೇಡ, ಆದರೆ ಗಡುವಿಗೆ ಮೂರು ನಾಲ್ಕು ವಾರ ಮೊದಲೇ ಕೇಳಿ, ಶುಲ್ಕ ಕಟ್ಟಿದ ಮೇಲೆ ವಾಪಸು ಬರುವುದಿಲ್ಲ.

ಪ್ರಶ್ನೆ: ಆಫರ್ ಲೆಟರಿನಲ್ಲಿ "ಐದು ವರ್ಷಕ್ಕೆ 4 ಲಕ್ಷ ಡಾಲರ್ ಮೌಲ್ಯದ ಪೂರ್ಣ ನೆರವು" ಎಂದಿದೆ. ಮನೆಯವರೆಲ್ಲ ಹಬ್ಬ ಮಾಡುತ್ತಿದ್ದಾರೆ. ಕೈಗೆ ನಿಜಕ್ಕೂ ಎಷ್ಟು ಬರುತ್ತದೆ?

ಹಬ್ಬ ಮಾಡಿ, ಜೊತೆಗೆ ಒಂದು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಇಂಥ ಪತ್ರವನ್ನು ಒಡೆದು ನೋಡುವ ಬಗೆ ಹೀಗೆ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮ್ಮ ಪತ್ರದ ಅಂಕಿ ಹಾಕಿಕೊಳ್ಳಿ.

ವರ್ಷಕ್ಕೆ 80,000. ಅದರಲ್ಲಿ ಫೀಸು ಮಾಫಿ 48,000, ಆರೋಗ್ಯ ವಿಮೆ 4,000. ಇವೆರಡೂ ವಿಶ್ವವಿದ್ಯಾಲಯದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುವ ದುಡ್ಡು, ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಉಳಿದ 28,000 ಸ್ಟೈಪೆಂಡ್. 'ಅಕಾಡೆಮಿಕ್ ಇಯರ್' ಎಂದಿದ್ದರೆ ಅದು ಒಂಬತ್ತು ತಿಂಗಳಿಗೆ, ತಿಂಗಳಿಗೆ 3,111 ಬಂದಂತೆ ಕಾಣುತ್ತದೆ. ಆದರೆ ಬೇಸಿಗೆಯ ಮೂರು ತಿಂಗಳೂ ಹೊಟ್ಟೆ ತುಂಬಬೇಕಲ್ಲ, ಹನ್ನೆರಡಕ್ಕೆ ಹಂಚಿದರೆ 2,333. ಇದರಿಂದ ಫೀಸು ಮಾಫಿಯೊಳಗೆ ಸೇರದ ಕಡ್ಡಾಯ ಶುಲ್ಕ ಕಳೆಯಿರಿ, ವರ್ಷಕ್ಕೆ 1,200 ಎಂದಿಟ್ಟುಕೊಳ್ಳಿ. ಇನ್ನು ತೆರಿಗೆ. ಬೋಧನೆಯ ಸಂಬಳವಲ್ಲದ ಫೆಲೋಶಿಪ್ ಹಣಕ್ಕೆ ಎಫ್-1 ವೀಸಾದವರಿಂದ (ಅದು ವಿದ್ಯಾರ್ಥಿ ವೀಸಾ) ಸಾಮಾನ್ಯವಾಗಿ ಶೇ. 14 ಮೊದಲೇ ಹಿಡಿದುಕೊಳ್ಳುತ್ತಾರೆ, 28,000ಕ್ಕೆ 3,920. ಉಳಿದದ್ದು 22,880, ಅಂದರೆ ತಿಂಗಳಿಗೆ ಸುಮಾರು 1,907 ಡಾಲರ್. ನಿಮ್ಮ ದೇಶದೊಂದಿಗೆ ತೆರಿಗೆ ಒಪ್ಪಂದವಿದ್ದರೆ ಕಡಿತ ಕಡಿಮೆಯಾಗಬಹುದು, ವರ್ಷದ ಕೊನೆಗೆ ವಿವರ ಸಲ್ಲಿಸಿದಾಗ ಒಂದಷ್ಟು ವಾಪಸೂ ಬರಬಹುದು. ಆದರೂ ಬಾಡಿಗೆಯನ್ನು ಈ 1,907ರ ಎದುರು ಇಟ್ಟು ನೋಡಿ. ಅರ್ಧಕ್ಕಿಂತ ಹೆಚ್ಚು ಬಾಡಿಗೆಗೇ ಹೋಗುವ ಊರಾದರೆ ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕಿಂತ ಸಣ್ಣ ಊರಿನ 26,000 ಮೇಲು.

ಒಪ್ಪುವ ಮುನ್ನ ಇಮೇಲಿನಲ್ಲಿ ಕೇಳಬೇಕಾದವು: ಬೇಸಿಗೆಯ ಹಣ ಖಚಿತವೋ, ಪ್ರತಿ ವರ್ಷ ಅರ್ಜಿ ಹಾಕಬೇಕೋ? ಆರನೆಯ ವರ್ಷದಲ್ಲಿರುವ ವಿದ್ಯಾರ್ಥಿಗಳು ಹೇಗೆ ಬದುಕುತ್ತಿದ್ದಾರೆ? ಎಷ್ಟು ಸೆಮಿಸ್ಟರ್ ಪಾಠ ಮಾಡಬೇಕು, ಒಂದು ತರಗತಿಯಲ್ಲಿ ಎಷ್ಟು ಮಂದಿ? ಮೊದಲ ಚೆಕ್ ಯಾವ ದಿನಾಂಕಕ್ಕೆ? ಈ ಕೊನೆಯದನ್ನು ಯಾರೂ ಕೇಳುವುದಿಲ್ಲ. ಆಗಸ್ಟಿನಲ್ಲಿ ಇಳಿದವರಿಗೆ ಮೊದಲ ಹಣ ಸೆಪ್ಟೆಂಬರ್ ಕೊನೆಗೆ ಬರುವುದುಂಟು. ಅಷ್ಟರಲ್ಲಿ ವಿಮಾನದ ಟಿಕೆಟ್, ವೀಸಾ, ವೀಸಾಕ್ಕೆ ಮುಂಚೆ ಕಟ್ಟುವ 350 ಡಾಲರಿನ ಸೆವಿಸ್ (ವಿದ್ಯಾರ್ಥಿ ದಾಖಲಾತಿ) ಶುಲ್ಕ, ಮನೆಯ ಮುಂಗಡ ಎಲ್ಲ ನಿಮ್ಮ ಕೈಯಿಂದ ಹೋಗಿರುತ್ತದೆ. ಕೇಳಿದರೆ ಮುಂಗಡ ಕೊಡುವ ವಿಭಾಗಗಳಿವೆ. ಕೊರತೆಯನ್ನು ಹೊರಗೆ ದುಡಿದು ತುಂಬಿಸಿಕೊಳ್ಳುತ್ತೇನೆ ಎಂಬ ಲೆಕ್ಕ ಬೇಡ. ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ಸಿನೊಳಗೆ ಮಾತ್ರ, ವಾರಕ್ಕೆ 20 ಗಂಟೆ. ಬೋಧನಾ ಸಹಾಯಕರ ಕೆಲಸವೇ ಅದನ್ನು ನುಂಗಿಬಿಡುತ್ತದೆ.

ಅವಸರಕ್ಕೆ ಮಣಿಯಬೇಡಿ. ಅಮೆರಿಕದ ಬಹುತೇಕ ದೊಡ್ಡ ವಿಶ್ವವಿದ್ಯಾಲಯಗಳು ಸಹಿ ಹಾಕಿರುವ ಒಡಂಬಡಿಕೆಯ ಪ್ರಕಾರ ಧನಸಹಾಯದ ಆಫರಿಗೆ ಏಪ್ರಿಲ್ 15ರವರೆಗೆ ಉತ್ತರಿಸುವ ಹಕ್ಕು ನಿಮಗಿದೆ.

ಪ್ರಶ್ನೆ: ಬ್ರಿಟನ್ನಿನಲ್ಲಿ ಸೀಟು ಸಿಕ್ಕಿದೆ, ವಿದ್ಯಾರ್ಥಿವೇತನ ಸಿಕ್ಕಿಲ್ಲ. ಮೊದಲು ಹೋಗಿ ಸೇರಿಕೊಂಡು ಆಮೇಲೆ ಹಣ ಹುಡುಕಬಹುದೇ?

ಹೋಗಬೇಡಿ. ದೊಡ್ಡ ವಿದ್ಯಾರ್ಥಿವೇತನಗಳು ಬಹುಮಟ್ಟಿಗೆ ಹೊಸದಾಗಿ ಸೇರುವವರಿಗೆ ಮೀಸಲು. ಒಮ್ಮೆ ಸೇರಿದಿರೋ, ಆ ಬಾಗಿಲು ಹೊರಗಿನಿಂದ ಮುಚ್ಚಿಕೊಳ್ಳುತ್ತದೆ. ಒಳಗಿರುವವರಿಗೆ ಸಿಗುವುದು ಪ್ರಯಾಣವೆಚ್ಚ, ಪತ್ರಾಗಾರದ ಖರ್ಚು ಇಂಥ ಚಿಲ್ಲರೆ ಅನುದಾನ. ಇತ್ತ ಫೀಸು, ವಸತಿ, ಅದರ ಮೇಲೆ ವರ್ಷಕ್ಕೆ 776 ಪೌಂಡಿನಂತೆ ಆರೋಗ್ಯ ಮೇಲ್ತೆರಿಗೆಯನ್ನು ವೀಸಾದ ಅಷ್ಟೂ ವರ್ಷಗಳಿಗೆ ಒಟ್ಟಿಗೆ ಮೊದಲೇ ಕಟ್ಟಬೇಕು. ಪ್ರವೇಶವನ್ನು ಒಂದು ವರ್ಷ ಮುಂದೂಡಲು ಕೇಳಿ. ಮುಂದೂಡಿದರೂ ವಿದ್ಯಾರ್ಥಿವೇತನದ ಸ್ಪರ್ಧೆಗೆ ಮತ್ತೆ ಸೇರಿಸುತ್ತಾರೆಯೇ ಎಂಬುದನ್ನು ಅದೇ ಪತ್ರದಲ್ಲಿ ಕೇಳಿ. ಇಲ್ಲವೆಂದರೆ ಹೊಸದಾಗಿ ಅರ್ಜಿ ಹಾಕಿ. ಎರಡನೆಯ ವರ್ಷದ ಪ್ರಸ್ತಾವ ಮೊದಲನೆಯದಕ್ಕಿಂತ ಚೆನ್ನಾಗಿಯೇ ಇರುತ್ತದೆ.

ಪ್ರಶ್ನೆ: ಜರ್ಮನಿಗೆ ಹೋಗಲು ಜರ್ಮನ್ ಬರಲೇಬೇಕೇ?

ಮಹಾಪ್ರಬಂಧವನ್ನು ಇಂಗ್ಲಿಷಿನಲ್ಲಿ ಬರೆಯಲು ಬಹಳ ಕಡೆ ಅವಕಾಶವಿದೆ. ಆದರೆ ಎರಡು ಭಾಷೆಗಳನ್ನು ಬೇರೆ ಬೇರೆಯಾಗಿ ನೋಡಿ. ಒಂದು, ಬದುಕುವ ಭಾಷೆ. ಇನ್ನೊಂದು, ಆಕರದ ಭಾಷೆ. ಮೊದಲನೆಯದನ್ನು ಹೋದ ಮೇಲೆ ಕಲಿಯಬಹುದು, ಎರಡನೆಯದು ಅರ್ಜಿ ಹಾಕುವಾಗಲೇ ಸ್ವಲ್ಪವಾದರೂ ಇರಬೇಕು. ಡಚ್ ದಾಖಲೆಗಳ ಮೇಲೆ ಪ್ರಸ್ತಾವ ಬರೆದು "ಡಚ್ ಕಲಿಯುತ್ತೇನೆ" ಎಂದರೆ ನಂಬುವುದು ಕಷ್ಟ, "ಒಂದು ವರ್ಷದಿಂದ ಕಲಿಯುತ್ತಿದ್ದೇನೆ, ನಿಘಂಟು ಹಿಡಿದು ಓದಬಲ್ಲೆ" ಎಂದರೆ ಮಾತೇ ಬೇರೆ. ಇನ್ನೊಂದು ವಿಷಯ: ಜರ್ಮನಿಯಲ್ಲಿ ಮೌಖಿಕ ಪರೀಕ್ಷೆ ಮುಗಿದ ಕೂಡಲೇ ಹೆಸರಿನ ಹಿಂದೆ ಡಾಕ್ಟರ್ ಹಾಕಿಕೊಳ್ಳುವಂತಿಲ್ಲ, ಮಹಾಪ್ರಬಂಧ ಪ್ರಕಟವಾಗಬೇಕು. ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪ್ರಕಟಿಸಲು ಬಿಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ, ಪ್ರಕಾಶಕರ ಮೂಲಕ ಅಚ್ಚು ಹಾಕಿಸುವ ಖರ್ಚು ಸಣ್ಣದಲ್ಲ.

ಪ್ರಶ್ನೆ: ವಯಸ್ಸು 38. ಹನ್ನೆರಡು ವರ್ಷ ಶಾಲೆಯಲ್ಲಿ ಪಾಠ ಹೇಳಿದ್ದೇನೆ. ತಡವಾಯಿತೇ?

ಅಮೆರಿಕ, ಬ್ರಿಟನ್, ಯುರೋಪಿನ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ ವಯಸ್ಸಿನ ಮಿತಿ ಇಲ್ಲ. ಮಿತಿ ಇರುವುದು ಕೆಲವು ವಿದ್ಯಾರ್ಥಿವೇತನಗಳಿಗೆ. ಜಪಾನ್ ಸರ್ಕಾರದ ಸಂಶೋಧನಾ ವಿದ್ಯಾರ್ಥಿವೇತನಕ್ಕೆ 35 ತುಂಬಿರಬಾರದು. ಡಿಎಎಡಿಯ ಕೆಲವು ಯೋಜನೆಗಳು ವಯಸ್ಸಿನ ಬದಲು ಕೊನೆಯ ಪದವಿ ಮುಗಿದು ಎಷ್ಟು ವರ್ಷವಾಯಿತು ಎಂದು ನೋಡುತ್ತವೆ, ನಿಮಗೆ ತೊಡಕಾಗುವುದು ಅಲ್ಲಿ. ಹನ್ನೆರಡು ವರ್ಷದ ಅನುಭವವನ್ನು ಉದ್ದೇಶಪತ್ರದಲ್ಲಿ ನಾಲ್ಕು ಸಾಲಿಗೆ ಮುಗಿಸಿ, ಇತ್ತೀಚಿನ ಬರಹ ಮುಂದಿಡಿ. ಹನ್ನೆರಡು ವರ್ಷ ಹಿಂದಿನ ಎಂ.ಎ. ಪ್ರಬಂಧವನ್ನು ಹಾಗೆಯೇ ಕಳಿಸಿದರೆ ಅಲ್ಲಿಂದಾಚೆ ಬಂದ ಪುಸ್ತಕಗಳನ್ನು ನೀವು ನೋಡಿಲ್ಲ ಎಂದು ಅದೇ ಸಾರಿ ಹೇಳುತ್ತದೆ.

ಪ್ರಶ್ನೆ: ಹಣ ಕೊಟ್ಟರೆ 'ಗ್ಯಾರಂಟಿ ಸ್ಕಾಲರ್‌ಶಿಪ್' ಕೊಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಬಹುದೇ?

ಇಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಮಾನವಿಕ ವಿಭಾಗಗಳು ಪ್ರವೇಶವನ್ನೇ ನಿಲ್ಲಿಸುತ್ತಿವೆ ಎಂದು ಓದಿದೆ. ಈಗ ಅರ್ಜಿ ಹಾಕುವುದು ವ್ಯರ್ಥವೇ?

ಸುದ್ದಿ ಸುಳ್ಳಲ್ಲ. ಬೋಸ್ಟನ್ ವಿಶ್ವವಿದ್ಯಾಲಯ 2025–26ನೇ ಸಾಲಿಗೆ ಇತಿಹಾಸ, ಇಂಗ್ಲಿಷ್, ತತ್ವಶಾಸ್ತ್ರ, ಭಾಷಾವಿಜ್ಞಾನ ಸೇರಿದಂತೆ ಹನ್ನೆರಡು ವಿಭಾಗಗಳಲ್ಲಿ ಪಿಎಚ್.ಡಿ. ಪ್ರವೇಶ ತಡೆಹಿಡಿಯಿತು. ಆಮೇಲೆ ಬೇರೆ ಕಡೆಗಳಲ್ಲೂ ಸೀಟು ಕಡಿತವಾಗಿದೆ. ಆದ್ದರಿಂದ ಹಳೆಯ ಪಟ್ಟಿ ನೆಚ್ಚಬೇಡಿ. ಪ್ರತಿ ವಿಭಾಗದ ಪುಟದಲ್ಲಿ ಈ ಸಾಲಿನ ಪ್ರವೇಶ ತೆರೆದಿದೆ ಎಂಬ ಮಾತು ಸ್ಪಷ್ಟವಾಗಿ ಇದೆಯೇ ನೋಡಿ. ಇಲ್ಲದಿದ್ದರೆ ಶುಲ್ಕ ಕಟ್ಟುವ ಮೊದಲು ಕಚೇರಿಗೆ ಎರಡು ಸಾಲು ಬರೆದು ಕೇಳಿ, ಈ ವರ್ಷ ಎಷ್ಟು ಮಂದಿಯನ್ನು ತೆಗೆದುಕೊಳ್ಳುವ ಅಂದಾಜಿದೆ ಎಂದೂ ಕೇಳಿ. ಎಂಟು ಅರ್ಜಿಯನ್ನೂ ಒಂದೇ ದೇಶಕ್ಕೆ ಸುರಿಯುವ ಬದಲು ನಾಲ್ಕನ್ನು ಅಮೆರಿಕಕ್ಕೆ ಇಡಿ, ಎರಡನ್ನು ಬ್ರಿಟನ್ನಿಗೆ, ಉಳಿದ ಎರಡನ್ನು ಯುರೋಪಿನ ಸಂಬಳದ ಹುದ್ದೆಗಳಿಗೆ. ಪ್ರಸ್ತಾವ ಹೇಗೂ ಬರೆಯುತ್ತೀರಿ. ಅದನ್ನು ಮೊದಲು ಬರೆದು, ಅದರಿಂದ ಉದ್ದೇಶಪತ್ರ ತೆಗೆಯುವುದು ಸುಲಭ. ಉದ್ದೇಶಪತ್ರದಿಂದ ಪ್ರಸ್ತಾವ ಹಿಗ್ಗಿಸಲು ಹೋದರೆ ಆಕರದ ಪ್ಯಾರಾ ಖಾಲಿ ಉಳಿಯುತ್ತದೆ.